ಜಗ್ಗದ ಫಿಲ್ಟರು

ಮರಾಠಿ ನಾಡಿನ ಭೋಸರಿಯ ಒಂದು ಪಂಪ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರನಾಗಿ ದುಡಿದ ಕಾಡಪ್ಪ ಬೋಲ್ಟು ತಿರುವುವ ಪಾನಾ, ಇಕ್ಕಳದಂಥ ಪಕ್ಕಡ, ಸುತ್ತಿಗೆಗಳಿದ್ದ ತನ್ನ ಪೆಟ್ಟಿಗೆಯನ್ನು ಹಳೆಯ ಜೊತೆಗಾರನೊಬ್ಬನಿಗೆ ಕೊಟ್ಟುಬಿಟ್ಟು ಮೂರು ವರ್ಷವಾಗಿತ್ತು. ಕೊಟ್ಟ ದಿನ ಅವನು ಊಟ ಮಾಡಲಿಲ್ಲ. ಹೆಂಡತಿ ಬಸವಣ್ಣೆವ್ವ ಕೇಳಿದ್ದಕ್ಕೆ ಹಸಿವಿಲ್ಲ ಅಂದ. ಅವಳು ಅವನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು.

ಕೈ ನಡುಗಲು ಶುರುವಾಗಿತ್ತು. ಮೊದಲು ಬಲಗೈ, ಆಮೇಲೆ ಎರಡೂ. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಕೂತರೆ ಏನೂ ಇಲ್ಲ. ಏನನ್ನಾದರೂ ಹಿಡಿಯಲು ಹೋದರೆ ಸಾಕು, ಗಾಳಿಗೆ ಸಿಕ್ಕ ಎಲೆಯಂತೆ ಆಡುತ್ತಿದ್ದವು. ಜೀವಕ್ಕೇನೂ ಅಪಾಯವಿಲ್ಲ, ಗುಳಿಗೆ ತಗೊಂಡರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಬ್ಬಿಣದ ಮೇಲೆ ಕೂದಲೆಳೆಯಷ್ಟು ಏರುತಗ್ಗಿದ್ದರೂ ಬೆರಳಾಡಿಸಿ ಹೇಳುತ್ತಿದ್ದ ಕೈಗಳು ಅವು. ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬಸವಣ್ಣೆವ್ವ ಬರಬೇಕಾಗುತ್ತಿತ್ತು.

ಒಮ್ಮೆ ಬಳಗದವರ ಮನೆಯಲ್ಲಿ ಕೂಸಿಗೆ ಹೆಸರಿಡುವ ದಿನ, ಯಾರೋ ಕೈಗಿತ್ತ ಚಹಾದ ಕಪ್ಪು ಅಲ್ಲಾಡಿ ಪಕ್ಕದಲ್ಲಿ ಕೂತವರ ರೇಷ್ಮೆ ಸೀರೆಯ ಮೇಲೆ ಚೆಲ್ಲಿತು. ಅವರು ನಕ್ಕು "ಇರ್ಲಿ ಬಿಡ್ರಿ" ಅಂದರು. ಆದರೆ ಅಂದಿನಿಂದ ಕಾಡಪ್ಪ ಎಲ್ಲಿಗೂ ಹೋಗುವುದನ್ನು ಬಿಟ್ಟ. ತಾವಿದ್ದ ವಸತಿ ಸೊಸೈಟಿಯ ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕೆಳಗಿನ ಪಾರ್ಕಿಂಗಿನಲ್ಲಿ ಯಾರ ಗಾಡಿ ಹೇಗೆ ಸದ್ದು ಮಾಡುತ್ತದೆ ಎಂದು ಕೇಳುತ್ತ ಕೂಡುತ್ತಿದ್ದ. ಯಾರ ಸ್ಕೂಟರಿನ ಚೈನು ಸಡಿಲಾಗಿದೆ, ಯಾರ ಬ್ರೇಕು ಸವೆದಿದೆ, ಎಲ್ಲ ಅವನಿಗೆ ಗೊತ್ತು. ಆದರೆ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಬಂದು ನೋಡಿ ಅನ್ನುತ್ತಾರೆ, ನೋಡಲು ಹೋದರೆ ಕೈ ಚಾಚಬೇಕಾಗುತ್ತದೆ.

ಅಕ್ಟೋಬರಿನ ಒಂದು ರವಿವಾರ, ಊಟ ಮುಗಿಸಿ ಅವನು ಅಲ್ಲಿ ಕೂತಿದ್ದಾಗ ಕೆಳಗಿನಿಂದ ತಗಡು ಹರಿಯುವ ಸದ್ದು ಬಂತು. ಮೊದಲು ಕಿರ್ ಎಂದಿತು, ಆಮೇಲೆ ಚರ್ ಎಂದು ಉದ್ದಕ್ಕೆ ಸೀಳಿತು. ಕಾಡಪ್ಪ ಹಲ್ಲು ಕಚ್ಚಿದ.

"ಯಾರೋ ಏನೋ ಹಾಳ ಮಾಡ್ಲಿಕ್ಹತ್ಯಾರ" ಅಂದ.

"ಮಾಡ್ಲಿ ಬಿಡ್ರಿ, ಅವರದಾ ಗಾಡಿ" ಎಂದಳು ಒಳಗಿನಿಂದ ಬಸವಣ್ಣೆವ್ವ.

ಹತ್ತು ನಿಮಿಷಕ್ಕೆ ಬಾಗಿಲ ಗಂಟೆ ಸದ್ದು ಮಾಡಿತು. ಮೊದಲನೆಯ ಮಹಡಿಯ ನೀಲಿಮಾ ನಿಂತಿದ್ದಳು. ಧಾರವಾಡದ ಕಡೆಯ ಹೆಣ್ಣುಮಗಳು, ನಲವತ್ತರ ಆಸುಪಾಸು. ಕಿವಿ ಮಂದವಾದವರನ್ನು ಪರೀಕ್ಷೆ ಮಾಡಿ, ಕೇಳುವ ಯಂತ್ರ ಹೊಂದಿಸಿಕೊಡುವುದು ಅವಳ ಉದ್ಯೋಗ. ಮೊಣಕೈವರೆಗೂ ಕಪ್ಪು ಎಣ್ಣೆ, ಹಣೆಯ ಮೇಲೂ ಒಂದು ಗೀರು. ಗಂಟೆಯ ಗುಂಡಿಯನ್ನು ಮೊಣಕೈಯಿಂದಲೇ ಒತ್ತಿದ್ದಳು.

"ಕಾಕಾ, ಒಂದ್ ಸ್ವಲ್ಪ ಕೆಳಗ ಬರ್ತೀರೇನ್ರಿ? ಕಾರಿನ ಆಯಿಲ್ ಫಿಲ್ಟರ್ ಬಿಚ್ಚಲಿಕ್ಕೆ ಹೋಗಿ ದೊಡ್ಡ ಅವಾಂತರ ಮಾಡ್ಕೊಂಡೀನಿ. ನಾಳೆ ಮುಂಜಾನೆ ಶಿರೂರಿನಾಗ ಕ್ಯಾಂಪ್ ಅದ. ನನ್ನ ಮಶೀನು, ಸಾಮಾನು ಎಲ್ಲಾ ಇದರಾಗೇ ಹೋಗಬೇಕು. ಇವರು ನಾಸಿಕಕ್ಕ ಹೋಗ್ಯಾರ. ಗ್ಯಾರೇಜಿನವಗ ಫೋನ್ ಮಾಡಿದ್ರ ನಾಳೆ ಹನ್ನೊಂದಕ್ಕ ಬರ್ತೀನಿ ಅಂತಾನ."

ಕಾಡಪ್ಪ ಎರಡೂ ಕೈ ಮುಂದೆ ಹಿಡಿದು ತೋರಿಸಿದ. ಅವು ಆಗಲೇ ಆಡತೊಡಗಿದ್ದವು.

"ಇವನ್ನ ನೋಡವ್ವಾ. ನನ್ನ ಕೈಲೆ ಏನೂ ಆಗೂದಿಲ್ಲ."

"ಕೈ ನನ್ನವ ಅವ ಅಲ್ರಿ ಕಾಕಾ. ನೀವು ಬರೇ ಹೇಳ್ರಿ."

"ಬರೇ ಹೇಳೂದರಾಗ ನಮ್ಮವರು ಭಾಳ ಶಾಣ್ಯಾ" ಎಂದು ಬಸವಣ್ಣೆವ್ವ ಅವನ ಚಪ್ಪಲಿಯನ್ನು ಕಾಲಿನಿಂದಲೇ ಮುಂದೆ ಸರಿಸಿದಳು. "ಹೋಗ್ರಿ."

ಕಾರು ಪಾರ್ಕಿಂಗಿನ ಮೂಲೆಯಲ್ಲಿ ನಿಂತಿತ್ತು. ಹನ್ನೆರಡು ವರ್ಷದ ಹಳೆಯ ಬಿಳಿಯ ಗಾಡಿ. ಬಾನೆಟ್ಟು ಬಾಯಿ ತೆರೆದಿತ್ತು. ಮುಂದಿನ ಒಂದು ಗಾಲಿಯನ್ನು ಜ್ಯಾಕಿನಿಂದ ಎತ್ತಲಾಗಿತ್ತು. ಕೆಳಗೆ ಹಳೆಯ ಪತ್ರಿಕೆ ಹಾಸಿ, ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕಪ್ಪು ಎಣ್ಣೆ ಹಿಡಿದಿಡಲಾಗಿತ್ತು. ನೀಲಿಮಾ ತೋರಿಸಲೆಂದು ಮತ್ತೆ ಕೆಳಗೆ ನುಸುಳಲು ಹೋದಳು.

"ನಿಂದ್ರು!" ಎಂದ ಕಾಡಪ್ಪ. ಅವನ ದನಿಗೆ ಅವನೇ ಬೆಚ್ಚಿದ. "ಬರೇ ಜ್ಯಾಕ್ ಮ್ಯಾಲೆ ನಿಂತ ಗಾಡಿ ಕೆಳಗ ಇಷ್ಟೊತ್ತು ಇದ್ದೇನವ್ವಾ? ಆ ಜ್ಯಾಕು ಗಾಲಿ ಬದಲಿ ಮಾಡಾಕ ಐತಿ, ಮನಶ್ಯಾರು ಕೆಳಗ ಮಲಗಾಕ ಅಲ್ಲ."

ಫಿಲ್ಟರಿನ ಮಾತು ಅಲ್ಲಿಗೇ ನಿಂತಿತು. ಪಂಪಿನ ಕೋಣೆಯಲ್ಲಿ ಬಿದ್ದಿದ್ದ ದಪ್ಪ ಮರದ ದಿಮ್ಮಿಗಳನ್ನು ವಾಚ್‌ಮನ್ನನಿಂದ ತರಿಸಿ ಗಾಡಿಯ ಚೌಕಟ್ಟಿನ ಕೆಳಗೆ ಒಂದರ ಮೇಲೊಂದು ಇರಿಸಿದ್ದಾಯಿತು. ಹೆಚ್ಚುವರಿ ಗಾಲಿಯನ್ನೂ ಗಾಡಿಯ ಕೆಳಗೆ ಅಡ್ಡಕ್ಕೆ ತಳ್ಳಿದ್ದಾಯಿತು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟದ್ದಾಯಿತು. ಕಾಡಪ್ಪ ಬಾಗಿಲಿಗೆ ಭುಜ ಕೊಟ್ಟು ಗಾಡಿಯನ್ನು ಅಲ್ಲಾಡಿಸಿ ನೋಡಿದ. ಅದು ಕದಲಲಿಲ್ಲ. ಆಗಷ್ಟೇ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗುವಷ್ಟು ಬಾಗಿಸಿ ಮೇಲೆ ನೋಡಿದ.

ಆಯಿಲ್ ಫಿಲ್ಟರ್ ಅಂದರೆ ನೀರು ಕುಡಿಯುವ ಲೋಟದಷ್ಟು ಗಾತ್ರದ ತಗಡಿನ ಡಬ್ಬಿ. ಎಂಜಿನ್ನಿನ ಎಣ್ಣೆಯಲ್ಲಿ ಸೇರುವ ಕಸವನ್ನು ಸೋಸುವುದು ಅದರ ಕೆಲಸ. ಎಣ್ಣೆ ಬದಲಿಸುವಾಗ ಅದನ್ನೂ ತಿರುವಿ ತೆಗೆದು ಹೊಸದು ಕೂರಿಸಬೇಕು. ಇಲ್ಲಿ ಡಬ್ಬಿಯೇ ಇರಲಿಲ್ಲ. ಸೀಳಿದ ತಗಡು ಬಾಳೆ ಸಿಪ್ಪೆಯಂತೆ ಜೋತುಬಿದ್ದಿತ್ತು, ಒಳಗಿನ ಕಾಗದದ ಮಡಿಕೆಗಳು ಹೊರಗೆ ಬಂದಿದ್ದವು. ಎಂಜಿನ್ನಿಗೆ ಅಂಟಿಕೊಂಡು ಉಳಿದದ್ದು ದಪ್ಪ ತಳದ ತಟ್ಟೆಯೊಂದೇ.

"ಏನೇನು ಮಾಡಿದಿ, ಒಂದೊಂದಾಗಿ ಹೇಳು."

ನೀಲಿಮಾ ಹೇಳಿದಳು. ಮೊದಲು ಕೈಯಿಂದ ತಿರುವಿದಳು. ಎಣ್ಣೆಗೆ ಕೈ ಜಾರಿತು. ಬಟ್ಟೆ ಹಿಡಿದಳು, ಒರಟು ಪಾಲಿಶ್ ಪೇಪರ್ ಸುತ್ತಿದಳು. ಗಂಡನ ಹಳೆಯ ಬೆಲ್ಟು ಬಿಗಿದು ಎಳೆದಳು, ಬೆಲ್ಟು ಹರಿಯಿತು. ಕೊನೆಗೆ ಫೋನಿನಲ್ಲಿ ಯಾರೋ ತೋರಿಸಿದಂತೆ ಸ್ಕ್ರೂಡ್ರೈವರನ್ನು ಡಬ್ಬಿಯೊಳಗೆ ಈಚೆಯಿಂದ ಆಚೆಗೆ ಚುಚ್ಚಿ ಹಿಡಿಕೆಯಂತೆ ತಿರುವಿದಳು. ಡಬ್ಬಿ ಸೀಳಿತು.

"ಎಲ್ಲಿಂದ ತಿರುವಿದಿ? ಮ್ಯಾಲಿಂದೋ ಕೆಳಗಿಂದೋ?"

"ಮ್ಯಾಲಿಂದ, ಬಾನೆಟ್ ತಗದು. ಕೆಳಗ ಹೋದದ್ದು ಕಡೀಕ, ಬರೇ ಸ್ಕ್ರೂಡ್ರೈವರ್ ಚುಚ್ಚಲಿಕ್ಕೆ."

"ಯಾವ ಕಡೆ?"

ಅವಳು ಉಪ್ಪಿನಕಾಯಿ ಬರಣಿಯ ಮುಚ್ಚಳ ತೆಗೆಯುವಂತೆ ಗಾಳಿಯಲ್ಲಿ ಕೈ ತಿರುವಿ ತೋರಿಸಿದಳು.

ಕಾಡಪ್ಪ ಅಲ್ಲೇ ಇದ್ದ ನೀರಿನ ಬಾಟಲಿಯನ್ನು ತೆಗೆದುಕೊಂಡ. ಕೈ ನಡುಗಿ ಒಳಗಿನ ನೀರು ಕುಣಿಯಿತು. ಅವನು ಅದನ್ನು ತಲೆಕೆಳಗು ಮಾಡಿ, ಮುಚ್ಚಳ ನೆಲದ ಕಡೆಗೆ ಬರುವಂತೆ ಹಿಡಿದ.

"ಫಿಲ್ಟರು ಎಂಜಿನ್ನಿಗೆ ಹಿಂಗ ಜೋತು ಬಿದ್ದಿರ್ತೈತಿ. ಈಗ ಮ್ಯಾಲಿಂದ ನೋಡಿ, ಮುಚ್ಚಳಾ ಯಾವ ಕಡೆ ತಿರುವಿದ್ರ ಬಿಚ್ಚತೈತಿ ಹೇಳು."

ನೀಲಿಮಾ ನೋಡಿದಳು. ಮುಚ್ಚಳ ಮುಟ್ಟಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುವಿದಳು. ಆಮೇಲೆ ಎಣ್ಣೆಯ ಕೈಯನ್ನು ಹಣೆಗೆ ಬಡಿದುಕೊಂಡಳು.

"ಅಯ್ಯ ದೇವರೇ! ಒಂದೂವರೆ ತಾಸು ನಾ ಅದನ್ನ ಬಿಗೀಲಿಕ್ಕೇ ಹತ್ತಿದ್ದೆ."

"ಹೋದ ಸಲ ಯಾರು ಹಾಕಿದ್ರು?"

"ನಾನೇ ಕಾಕಾ. ಮೊದಲನೇ ಸಲ ಹಾಕಿದ್ದೆ. ಸೋರಬಾರದು ಅಂತ ಪಾನಾ ಹಚ್ಚಿ ಮೈಮ್ಯಾಲಿನ ಶಕ್ತಿ ಎಲ್ಲಾ ಹಾಕಿ ಬಿಗಿದಿದ್ದೆ." ಅವಳ ಕಣ್ಣು ತುಂಬಿದ್ದವು, ಆದರೆ ನಗುತ್ತಿದ್ದಳು. "ಯಾವ ಹುಚ್ಚ ಇಷ್ಟು ಬಿಗಿದಾನ ಅಂತ ಆಗಿನಿಂದ ಬೈಕೋತ ಇದ್ದೆ."

ಕಾಡಪ್ಪನೂ ನಕ್ಕ. ಎಷ್ಟೋ ದಿನಗಳ ಮೇಲೆ ಮನೆಯ ಹೊರಗೆ ನಕ್ಕದ್ದು.

ತಟ್ಟೆಯನ್ನು ಬಿಡಿಸಲು ಬೇಕಾದದ್ದು ಸುತ್ತಿಗೆ ಮತ್ತು ಕಬ್ಬಿಣ ಕಡಿಯುವ ಉಳಿ. ಕಾರ್ಖಾನೆಯವರು ಅದನ್ನು ಛಿನ್ನಿ ಅನ್ನುತ್ತಾರೆ. ನೀಲಿಮಾಳ ಬಳಿ ಸುತ್ತಿಗೆ ಇತ್ತು, ಛಿನ್ನಿ ಇರಲಿಲ್ಲ. ತಾನು ಕೊಟ್ಟುಬಿಟ್ಟ ಪೆಟ್ಟಿಗೆ ಕಾಡಪ್ಪನಿಗೆ ನೆನಪಾಯಿತು. ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಬಸವಣ್ಣೆವ್ವ ಕೂಗಿದಳು:

"ಛಿನ್ನಿ ಬೇಕೇನ್ರಿ? ನನ್ನ ಕಡೆ ಐತಿ!"

"ನಿನ್ನ ಕಡೆ ಎಲ್ಲಿಂದ ಬಂತು?"

"ಬೆಲ್ಲದ ಪೆಂಟಿ ಒಡ್ಯಾಕ ಇಟ್ಟೀನಿ. ಪೆಟಿಗಿ ಕೊಡೂವಾಗ ಅದೊಂದು ನಾ ತಗದಿಟ್ಟಿದ್ದೆ."

ಅವಳೇ ಇಳಿದು ಬಂದು ಸೆರಗಿನಲ್ಲಿ ಒರೆಸಿ ಕೊಟ್ಟಳು. ಗೇಣುದ್ದದ ಛಿನ್ನಿ. ಕಾಡಪ್ಪ ತಾನೇ ಸಾಣೆ ಹಿಡಿದು ಬಾಯಿ ತೀಡಿದ್ದು. ಅಂಚಿನಲ್ಲಿ ಇನ್ನೂ ಬೆಲ್ಲ ಅಂಟಿತ್ತು. ಮೂರು ವರ್ಷ ಅಡುಗೆಮನೆಯ ಡಬ್ಬಿಗಳ ಹಿಂದೆ ಅದು ಇದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಕೈಗೆ ತಗೊಂಡ. ಅದು ಕೈಯಲ್ಲಿ ನಡುಗಿತು. ಒಂದು ಕ್ಷಣ ಹಿಡಿದುಕೊಂಡಿದ್ದು ನೀಲಿಮಾಳಿಗೆ ಕೊಟ್ಟ.

ಅವಳು ಬೆನ್ನ ಮೇಲೆ ಮಲಗಿ ಕೆಳಗೆ ಸರಿದಳು. ಕಾಡಪ್ಪ ಪಕ್ಕದಲ್ಲಿ ಹಳೆಯ ಚಾಪೆಯ ಮೇಲೆ ಒರಗಿ ಟಾರ್ಚ್ ಹಿಡಿದ. ಬೆಳಕು ಎಂಜಿನ್ನಿನ ತುಂಬ ಕುಪ್ಪಳಿಸತೊಡಗಿತು.

"ಕಾಕಾ, ಬೆಳಕು ಒಂದ್ ಕಡೆ ನಿಂದ್ರವಲ್ತು" ಎಂದಳು ನೀಲಿಮಾ, ಮುಚ್ಚುಮರೆ ಇಲ್ಲದೆ. ಅದರಲ್ಲಿ ಕನಿಕರವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಬಸವಣ್ಣೆವ್ವ ಕಾಡಪ್ಪನ ಹೆಗಲ ಮೇಲಿನ ಟವೆಲ್ಲು ಎಳೆದುಕೊಂಡು ಟಾರ್ಚನ್ನು ಮರದ ದಿಮ್ಮಿಗೆ ಕಟ್ಟಿದಳು. ಬೆಳಕು ನಿಂತಿತು. ಇಷ್ಟು ಸುಲಭದ ಕೆಲಸ ಎಂದು ಕಾಡಪ್ಪನಿಗೆ ಅನಿಸಿತು. ಎಷ್ಟೊಂದು ಸಂಗತಿಗಳನ್ನು ಹೀಗೆ ಕಟ್ಟಿ ಮಾಡಬಹುದಿತ್ತೋ ಏನೋ.

"ಮೊದಲ ತಟ್ಟಿಯಿಂದ ಎಂಜಿನ್ನಿಗೆ ಹಾದು ಹೋಗೂವಂಗ ಒಂದು ಗೆರಿ ಎಳಿ. ಅಂದ್ರ ತಟ್ಟಿ ಕದಲಿತೋ ಇಲ್ಲೋ ಗೊತ್ತಾಕ್ಕೈತಿ. ಈಗ ತಟ್ಟಿ ಅಂಚಿಗೆ ಛಿನ್ನಿ ಓರೆ ಹಚ್ಚು. ನೆಟ್ಟಗ ಅಲ್ಲ, ಓರೆ. ಎಂಜಿನ್ನಿನ ಮೈ ಅಲ್ಯೂಮಿನಿ ಐತಿ, ಮೆತ್ತಗ, ಅದಕ್ಕ ತಾಗಬಾರದು. ತಾಗಿದ್ರ ಆಮ್ಯಾಲೆ ಹೊಸಾ ಫಿಲ್ಟರು ಕೂಡೂದಿಲ್ಲ, ಸೋರತೈತಿ. ಸಣ್ಣಾಗಿ ಹೊಡಿ."

ನೀಲಿಮಾ ಹೊಡೆದಳು. ಠಣ್. ಠಣ್. ಛಿನ್ನಿ ಜಾರಿತು. ಮತ್ತೆ ಹಚ್ಚಿದಳು. ಹತ್ತು ಹೊಡೆತ, ಇಪ್ಪತ್ತು ಹೊಡೆತ. ಗೆರೆ ಇದ್ದಲ್ಲೇ ಇತ್ತು. ಅವಳಿಗೆ ಸಿಟ್ಟು ಬಂದು ಸುತ್ತಿಗೆಯನ್ನು ದೂರದಿಂದ ಬೀಸಿದಳು.

"ಶಕ್ತಿ ನಕೋ, ಅಕ್ಕಲ್ ವಾಪರ್" ಎಂದ ಕಾಡಪ್ಪ. ಬಲ ಬೇಡ, ಬುದ್ಧಿ ಬಳಸು. ಮಾತು ಮರಾಠಿಯಲ್ಲಿ ತಾನಾಗಿ ಬಾಯಿಗೆ ಬಂದಿತ್ತು. ಅದು ಅವನದಲ್ಲ, ದಿಗಂಬರ ಸಾಹೇಬರದು.

ಗೋಕಾಕದ ಕಡೆಯ ಹಳ್ಳಿಯಿಂದ ಬಂದು ಕಾರ್ಖಾನೆ ಸೇರಿದ ಎರಡನೆಯ ವರ್ಷ. ಕಾಡಪ್ಪನಿಗೆ ಇಪ್ಪತ್ತೊಂದು. ಮೈಯಲ್ಲಿ ಎತ್ತಿನ ಬಲ. ಪಾನಾದ ಹಿಡಿಕೆಗೆ ಉದ್ದನೆಯ ಪೈಪು ಸಿಗಿಸಿ ಒಂದು ಬೋಲ್ಟನ್ನು ಎಷ್ಟು ಬಿಗಿದನೆಂದರೆ ಅದು ಟಕ್ ಎಂದು ಮುರಿದು ಅರ್ಧ ಒಳಗೇ ಉಳಿಯಿತು. ಅದೇ ದಿನ ಸಂಜೆ ಲಾರಿ ಹತ್ತಬೇಕಾಗಿದ್ದ ದೊಡ್ಡ ಪಂಪು ಅದು. ಕಾಡಪ್ಪ ಕೆಲಸ ಹೋಯಿತೆಂದೇ ತಿಳಿದು, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಫೋರ್‌ಮನ್ ದಿಗಂಬರ ಸಾಹೇಬರು ಬಂದರು. ಬೈಯಲಿಲ್ಲ. "ಚೀಲ ಕೆಳಗಿಡು" ಅಂದರು. ಛಿನ್ನಿಯನ್ನು ಅವನ ಕೈಗೇ ಕೊಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಬೇರೆ ಫಿಟ್ಟರನಿಗೆ ಹೇಳಿದ್ದರೆ ಅರ್ಧ ತಾಸಿನ ಕೆಲಸ. ಕಾಡಪ್ಪನಿಗೆ ಎರಡೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಅವರು ಅಲ್ಲಿಂದ ಏಳಲಿಲ್ಲ. ಲಾರಿಯವನು ಬಂದು ಕೂಗಾಡಿದಾಗ "ಹುಡುಗ ಕಲೀತಿದ್ದಾನೆ, ನಿಲ್ಲು" ಎಂದು ಅವನನ್ನೇ ಚಹಾಕ್ಕೆ ಕಳಿಸಿದರು.

ಮುರಿದ ತುಂಡು ಹೊರಗೆ ಬಂದಾಗ ಕಾಡಪ್ಪ ಫಿಟ್ಟರನಾಗಿದ್ದ. ಅದನ್ನು ಅವನು ಎಂದೂ ಯಾರಿಗೂ ಹೇಳಿರಲಿಲ್ಲ. ಸಾಹೇಬರಿಗೂ.

"ತಂಗಿ, ಒಂದಾ ಜಾಗಾದಾಗ ಹೊಡೀಬ್ಯಾಡ. ಸುತ್ತಲೂ ಬಾ. ಇಲ್ಲಿ ನಾಕು, ಆ ಕಡೆ ನಾಕು. ತುಕ್ಕು, ಸುಟ್ಟ ರಬ್ಬರು, ಅವಕ್ಕ ಬಿಡಾಕ ವ್ಯಾಳ್ಯಾ ಕೊಡಬೇಕು."

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಠಣ್, ಠಣ್, ಠಣ್. ನಡುವೆ ಒಂದು ಹೊಡೆತ ಬೇರೆಯಾಗಿ ಕೇಳಿತು. ಅದರಲ್ಲಿ ಗಂಟೆಯ ನಾದವಿರಲಿಲ್ಲ, ಹಸಿ ಮಣ್ಣಿಗೆ ಬಿದ್ದಂತೆ ಠಪ್ ಎಂದಿತು.

"ಬಿಟ್ಟಿತು" ಎಂದ.

"ಇಲ್ರಿ ಕಾಕಾ, ಗೆರಿ ಅಲ್ಲೇ ಅದ."

"ಬಿಟ್ಟೈತಿ. ಇನ್ನೆರಡು ಹೊಡಿ, ಅಲ್ಲೇ."

ನೀಲಿಮಾ ಎರಡು ಹೊಡೆದಳು. ಗೆರೆ ಮುರಿಯಿತು. ಕೆಳಗಿನ ಅರ್ಧ, ಮೇಲಿನ ಅರ್ಧಕ್ಕಿಂತ ಒಂದು ಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು.

"ಕಾಕಾ!" ಅವಳ ಕೂಗಿಗೆ ವಾಚ್‌ಮನ್ ಓಡಿ ಬಂದ. "ಕಾಯ್ ಝಾಲಂ, ಕಾಯ್ ಝಾಲಂ?" ಏನಾಯಿತು ಎಂದು ಅವನು ಕೇಳಿದರೆ ಬಸವಣ್ಣೆವ್ವ ಎರಡೂ ಕೈ ಎತ್ತಿ "ನಿಘಾಲಂ!" ಅಂದಳು. ಬಂತು!

"ದಿನಾ ಕಿವಿ ಪರೀಕ್ಷಾ ಮಾಡಾಕಿ ನಾನು" ಎಂದಳು ನೀಲಿಮಾ ಕೆಳಗಿನಿಂದ, ಏದುಸಿರಿನಲ್ಲಿ. "ಆದ್ರ ಆ ಸಪ್ಪಳಾ ಬ್ಯಾರೆ ಆದದ್ದು ನನಗ ಕೇಳಲೇ ಇಲ್ಲ."

ಆಮೇಲಿನದು ಕೈಯಿಂದಲೇ ಬಂತು. ತಟ್ಟೆ ಅವಳ ಅಂಗೈಗೆ ಬಿತ್ತು. ಅವಳು ಹೊರಗೆ ಬಂದು ಹೊಸ ಫಿಲ್ಟರಿನ ಡಬ್ಬ ಬಿಚ್ಚತೊಡಗಿದಳು. ಕಾಡಪ್ಪ ಹಳೆಯ ತಟ್ಟೆಯನ್ನು ತಿರುವಿ ನೋಡಿದ.

"ಇದರ ರಬ್ಬರ್ ರಿಂಗು ಎಲ್ಲೈತಿ?"

ತಟ್ಟೆಯ ಮೇಲಿರಬೇಕಾಗಿದ್ದ ರಿಂಗು ಇರಲಿಲ್ಲ. ನೀಲಿಮಾ ಮತ್ತೆ ಕೆಳಗೆ ಹೋಗಿ ನೋಡಿದಳು. ಅದು ಎಂಜಿನ್ನಿಗೇ ಅಂಟಿ, ಅದರದೇ ಭಾಗದ ಹಾಗೆ ಕಾಣುತ್ತಿತ್ತು. ಉಗುರಿನಿಂದ ಎಬ್ಬಿಸಿ ತೆಗೆದಳು.

"ಇದರ ಮ್ಯಾಲೇ ಹೊಸಾದು ಹಾಕಿದ್ದೆ ಅಂದ್ರ?"

"ಶಿರೂರು ಮುಟ್ಟೂದರಾಗ ಎಣ್ಣಿ ಎಲ್ಲಾ ರಸ್ತಾದ ಮ್ಯಾಲೆ. ಎಂಜಿನ್ನು ಹಿಡಕೊಂಡು ನಿಂತಬಿಡ್ತಿತ್ತು."

ನೀಲಿಮಾ ಆ ರಿಂಗನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬದಿಗಿಟ್ಟಳು.

ಎಂಜಿನ್ನಿನ ಮೈಯನ್ನು ಶುಭ್ರವಾದ ಬಟ್ಟೆಯಿಂದ ಒರೆಸಿದ್ದಾಯಿತು. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಎಣ್ಣೆಯನ್ನು ಬೆರಳಿನಿಂದ ಸವರಬೇಕು ಎಂದ ಕಾಡಪ್ಪ, ಒಣ ರಬ್ಬರು ಕಾದು ಹಿಡಿದುಕೊಳ್ಳುತ್ತದೆ. ಹೋದ ಸಲ ಅವಳು ಅದನ್ನು ಮಾಡಿರಲಿಲ್ಲ. ಸವರಿ, ಕೈಯಿಂದ ತಿರುವಿ ಹತ್ತಿಸಿದಳು. ರಬ್ಬರು ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಅಷ್ಟಾದ ಮೇಲೆ ಅವಳ ಕೈ ಅಭ್ಯಾಸದಿಂದ ಪಾನಾದ ಕಡೆ ಹೋಯಿತು.

"ಅದನ್ನ ಅಲ್ಲೇ ಬಿಡು. ಕೈಲೆ ಬಿಗಿದಷ್ಟ ಸಾಕು."

"ಸೋರೂದಿಲ್ಲಾ?"

"ಸೋರಿದ್ರ ನನ್ನ ಹೆಸರು ತಗೋ."

ಹಳೆಯ ಎಣ್ಣೆ ಇಳಿಸಲು ಬಿಚ್ಚಿದ್ದ ಕೆಳಗಿನ ಬೋಲ್ಟಿಗೆ ಹೊಸ ವಾಷರು ಹಾಕಿ ಮುಚ್ಚಿ, ದಿಮ್ಮಿ ತೆಗೆದು ಗಾಡಿ ಇಳಿಸಿ, ಮೇಲಿನಿಂದ ಎಣ್ಣೆ ಸುರಿದಳು. ಕೀಲಿ ತಿರುವಿದಳು. ಎಣ್ಣೆಯ ಕೆಂಪು ದೀಪ ಹತ್ತಿತು, ಒಂದೆರಡು ಕ್ಷಣ ಉರಿಯಿತು, ಆರಿತು. ಎಂಜಿನ್ನು ಸಣ್ಣ ದನಿಯಲ್ಲಿ ಓಡತೊಡಗಿತು. ಮೂವರೂ ಬಗ್ಗಿ ಕೆಳಗೆ ನೋಡಿದರು. ಹಾಸಿದ ಹೊಸ ಪತ್ರಿಕೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಐದು ನಿಮಿಷ ಕಾದರು. ಆಗಲೂ ಇರಲಿಲ್ಲ.

ನೀಲಿಮಾ ಎಣ್ಣೆಯ ಕೈಯಲ್ಲೇ ಬಾಗಿ ಕಾಡಪ್ಪನ ಕಾಲು ಮುಟ್ಟಿದಳು. ಅವನು ಗಡಬಡಿಸಿ ಹಿಂದೆ ಸರಿದು "ಏಳವ್ವಾ, ಏಳು. ಕೈ ನಿನ್ನವಾ, ಕೆಲಸಾ ನಿಂದಾ" ಅಂದ. ಧೋತರದ ಅಂಚಿನಲ್ಲಿ ಅವಳ ನಾಲ್ಕು ಬೆರಳಿನ ಕಪ್ಪು ಗುರುತು ಬಿತ್ತು. 

ಮರುದಿನ ಮಧ್ಯಾಹ್ನ ಶಿರೂರಿನಿಂದ ಫೋನು ಬಂತು. ಅರವತ್ತಕ್ಕಿಂತ ಹೆಚ್ಚು ಜನ ಬಂದಿದ್ದಾರೆ, ಹಲವರು ಮುಂಜಾನೆ ಆರರಿಂದ ಕಾದಿದ್ದರು, ಊಟಕ್ಕೂ ಬಿಡುವಿಲ್ಲ ಎಂದಳು ನೀಲಿಮಾ. ಒಬ್ಬ ಮುದುಕಿ ಯಂತ್ರ ಹಾಕಿಸಿಕೊಂಡ ಕೂಡಲೇ "ಈ ಫ್ಯಾನು ಇಷ್ಟು ಗದ್ದಲ ಮಾಡ್ತದೇನು, ಆರಿಸ್ರಿ" ಅಂದಳಂತೆ. "ನೀವು ಬರದಿದ್ರ ಇವರೆಲ್ಲಾ ಹಂಗೇ ತಿರುಗಿ ಹೋಗ್ತಿದ್ರು ಕಾಕಾ. ಅದನ್ನ ಹೇಳಲಿಕ್ಕೆ ಫೋನ್ ಮಾಡಿದೆ" ಎಂದು ಇಟ್ಟಳು.

ಕಾಡಪ್ಪ ಬಾಲ್ಕನಿಗೆ ಬಂದು ಕೂತ. ಅವಳು ಒಂದು ದಿನದೊಳಗೆ ಉಪಕಾರ ನೆನೆದು ಫೋನು ಮಾಡಿದ್ದಳು. ತಾನು ಐವತ್ತು ವರ್ಷವಾದರೂ ಮಾಡಿರಲಿಲ್ಲ. ಸಾಹೇಬರು ನಿವೃತ್ತರಾಗಿ ತಳೇಗಾಂವ ದಾಭಾಡೆಗೆ ಹೋಗಿ ನೆಲೆಸಿದ್ದು ಅವನಿಗೆ ಗೊತ್ತಿತ್ತು. ಹೋಗಬೇಕು ಹೋಗಬೇಕು ಎನ್ನುತ್ತ ವರ್ಷಗಳು ಕಳೆದವು. ಆಮೇಲೆ ಕೈ ನಡುಕ ಬಂತು. ಯಾವ ಕೈಗೆ ಅವರು ಕೆಲಸ ಕಲಿಸಿದ್ದರೋ ಅದನ್ನು ಹೀಗೆ ತೋರಿಸುವುದು ಹೇಗೆ ಎಂದು ಸುಮ್ಮನಾಗಿದ್ದ.

ಹಳೆಯ ಜೊತೆಗಾರನಿಗೆ ಫೋನು ಹಚ್ಚಲು ಬಸವಣ್ಣೆವ್ವನಿಗೆ ಹೇಳಿದ. ಸಾಹೇಬರು ಇದ್ದಾರೆ, ಎಂಬತ್ತಮೂರು, ಗಟ್ಟಿಯಾಗಿದ್ದಾರೆ ಎಂದು ತಿಳಿಯಿತು. ಮುಂದಿನ ರವಿವಾರ ತಳೇಗಾಂವಕ್ಕೆ ಬಸ್ಸು ಎಷ್ಟು ಗಂಟೆಗೆ ಎಂದು ನೀಲಿಮಾಳನ್ನು ವಿಚಾರಿಸಿದರೆ ಅವಳು "ಬಸ್ಸು ಯಾಕ್ರಿ?" ಅಂದಳು. ಹೀಗೆ ಅದೇ ಬಿಳಿಯ ಕಾರಿನಲ್ಲಿ ಮೂವರೂ ಹೊರಟರು.

ದಿಗಂಬರ ಸಾಹೇಬರ ಮನೆ ಒಂದು ಹೊಸ ಕಾಲೊನಿಯ ಕೊನೆಯಲ್ಲಿತ್ತು. ಅವರು ಅಂಗಳದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಗುರುತು ಹಿಡಿಯಲು ಒಂದು ನಿಮಿಷ ಬೇಕಾಯಿತು. "ಕಾಡಪ್ಪಾ!" ಎಂದು ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. ಆ ಕೈಗಳು ನಡುಗುತ್ತಿದ್ದವು. ಸಾಹೇಬರು ಅವನ್ನು ನೋಡಿದರು, ಆದರೆ ಬಿಡಲಿಲ್ಲ. ಹಿಡಿದುಕೊಂಡೇ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

ಕಾಡಪ್ಪ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತನ್ನು ತಗ್ಗಿದ ದನಿಯಲ್ಲಿ ಮರಾಠಿಯಲ್ಲಿ ಹೇಳಿದ. ಆ ದಿನ ನೀವು ನನ್ನನ್ನು ಕಳಿಸಿಬಿಟ್ಟಿದ್ದರೆ ನಾನು ಊರಿಗೆ ತಿರುಗಿ ಹೋಗುತ್ತಿದ್ದೆ. ನನ್ನ ಬದುಕು ನಿಮ್ಮಿಂದ ನಿಂತಿತು.

"ಆಂ?" ಎಂದರು ಸಾಹೇಬರು, ಕಿವಿಗೆ ಅಂಗೈ ಹಿಡಿದು.

ಕಾಡಪ್ಪ ನೀಲಿಮಾಳತ್ತ ನೋಡಿದ. ಅವಳು ತುಟಿ ಬಿಗಿಹಿಡಿದು ನಗು ತಡೆಯುತ್ತ, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದಳು. ಅವನು ಮತ್ತೆ ಹೇಳಿದ. ಮತ್ತೆ "ಆಂ?" ಮೂರನೆಯ ಸಲ ಕಾಡಪ್ಪ ಎದ್ದು ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಕಾರ್ಖಾನೆಯ ಗದ್ದಲದ ನಡುವೆ ಕೂಗುವ ಹಾಗೆ ಕೂಗಿದ: "ಸಾಹೇಬ್, ನೀವು ಬೋಲ್ಟ್ ತೆಗೆಯೋದು ಕಲಿಸಿದ್ರಿ! ಅದಕ್ಕೇ ನಾನು ಮನುಷ್ಯ ಆದೆ! ನಿಮ್ಮ ಉಪಕಾರ!" ಎದುರು ಮನೆಯ ಹೆಣ್ಣುಮಗಳು ಹೊರಗೆ ಬಂದು ನೋಡಿದಳು. ಕಾಡಪ್ಪನ ಕಣ್ಣಲ್ಲಿ ನೀರಿತ್ತು.

ಸಾಹೇಬರಿಗೆ ಕೇಳಿಸಿತು. ಆದರೆ ಅವರು ತಲೆಯಾಡಿಸಿದರು.

"ಬೋಲ್ಟೇ? ಯಾವ ಬೋಲ್ಟು? ಅಂಥವು ದಿನಕ್ಕೆ ನಾಲ್ಕು ಮುರೀತಿದ್ದವು. ನನಗೆ ನೆನಪಿಲ್ಲಪ್ಪ." ಆಮೇಲೆ ಬಸವಣ್ಣೆವ್ವನ ಕಡೆ ತಿರುಗಿದರು. "ನನಗೆ ನೆನಪಿರೋದು ಬೇರೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಇವನು ಎರಡು ವಾರ ದಿನಾ ಎರಡು ಡಬ್ಬಿ ತರ್ತಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಂದು ಡಬ್ಬಿಯನ್ನ ನನ್ನ ಮೇಜಿನ ಮೇಲಿಟ್ಟು ಮಾತಾಡದೆ ಹೋಗ್ತಿದ್ದ. ಆ ಎರಡು ವಾರ ನನಗೆ ಮನೆ ಅಂತ ಇದ್ದದ್ದು ಆ ಡಬ್ಬಿ ಒಂದೇ. ಅದನ್ನ ಕಟ್ಟಿದವರಿಗೆ ಹೇಳಬೇಕು ಅಂತ ಇದ್ದೆ, ಹೇಳೋದೇ ಆಗಿರಲಿಲ್ಲ." ಅವರು ಎದ್ದು ಬಸವಣ್ಣೆವ್ವನಿಗೆ ಕೈ ಮುಗಿದರು.

ಕಾಡಪ್ಪನಿಗೆ ಆ ಡಬ್ಬಿಗಳ ನೆನಪು ಪೂರ್ತಿ ಹೋಗಿತ್ತು. ಬಸವಣ್ಣೆವ್ವನಿಗೆ ಹೋಗಿರಲಿಲ್ಲ. ಅವಳು ಸೆರಗು ಹೊದ್ದುಕೊಂಡು, ಲಗ್ನವಾದ ಹೊಸತರಲ್ಲಿ ನಾಚುತ್ತಿದ್ದ ಹಾಗೆ ನೆಲ ನೋಡಿದಳು.

ಹೊರಡುವಾಗ ನೀಲಿಮಾ ಸಾಹೇಬರ ಕಿವಿಯ ಹತ್ತಿರ ಬಾಗಿ, ಬರುವ ವಾರ ತನ್ನ ಮಶೀನು ತಂದು ಪರೀಕ್ಷೆ ಮಾಡುವುದಾಗಿ ಮರಾಠಿಯಲ್ಲಿ ಹೇಳಿದಳು. ಸಾಹೇಬರು ಕಾಡಪ್ಪನನ್ನು ತೋರಿಸಿ, ಇವನೂ ಬಂದರೆ ಮಾತ್ರ ಅಂದರು. ಬರುತ್ತೇನೆ ಎಂದು ಕಾಡಪ್ಪ ಗೇಟಿನಿಂದ ಕೂಗಿ ಹೇಳಿದ. ಈ ಸಲ ಯಾರೂ ಸನ್ನೆ ಮಾಡಬೇಕಾಗಲಿಲ್ಲ.

ಕಾರು ಹೆದ್ದಾರಿಗೆ ಬಂದ ಮೇಲೆ ಹಿಂದಿನ ಸೀಟಿನಿಂದ ಬಸವಣ್ಣೆವ್ವ ಅಂದಳು:

"ಲಗ್ನಾಗಿ ನಲವತ್ತೇಳು ವರ್ಷಾತು. ನಿಮಗ ಇಷ್ಟು ದೊಡ್ಡ ದನಿ ಐತಿ ಅಂತ ನನಗ ಇವತ್ತ ಗೊತ್ತಾತು ನೋಡ್ರಿ."